ರೆಸ್ಟಿನ ದಿನ ಕಾಲು ಉಳುಕಿದ್ದು

ಬಾಗಿಲ ಹಿಂದೆ ನನ್ನ ಶೂಗಳು ಒಣಗುತ್ತಿವೆ. ನಿನ್ನೆ ಬೆಳಿಗ್ಗೆ ಓಡುವಾಗ ಮಳೆ ಹಿಡಿದುಕೊಂಡಿತು. ಒಳಗೆ ಹಳೆಯ ಪೇಪರ್ ತುರುಕಿಟ್ಟಿದ್ದೇನೆ. ಒದ್ದೆ ಪೇಪರು, ರಬ್ಬರು, ಕಾಲಿಗೆ ತಿಕ್ಕಿದ ನೋವಿನೆಣ್ಣೆ, ಎಲ್ಲ ಸೇರಿದ ಈ ವಾಸನೆ ಅಜ್ಜಿಯೊಬ್ಬಳ ಕೋಣೆಗೆ ಹೇಗೆ ಬಂತೆಂದು ನಿಮಗೆ ಹೇಳಬೇಕು, ಮಕ್ಕಳೇ. ನಿಮ್ಮಲ್ಲಿ ಸಿಂಚನಾಗೆ ಎಲ್ಲ ಗೊತ್ತು. ಆದರೆ ಅವಳು ಹೇಳುವಾಗ ತೀರಾ ನಗುತ್ತಾಳೆ. ಅದಕ್ಕೇ ನಾನೇ ಬರೆಯುವುದು ವಾಸಿ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ವಿಜಯನಗರಕ್ಕೆ, ಸಿಂಚನಾಳ ಮನೆಗೆ ಬಂದೆ. ಕಾಲೇಜಿನ ಓಟಗಾರ್ತಿ ಅವಳು. ಒಂದು ದಿನ ಒಂದು ಜೊತೆ ಶೂ ತಂದು ಮುಂದಿಟ್ಟು, “ಎದ್ದೇಳಜ್ಜಿ, ಹೋಗೋಣ” ಎಂದಳು. ನಾನು ಹೋದೆ, ಕತ್ತಲು ಹರಿಯುವ ಮೊದಲೇ. ಎದುರಿಗೆ ಯಾರಾದರೂ ಬಂದರೆ ತಟ್ಟನೆ ನಿಂತು ಯಾರದೋ ಕಾಂಪೌಂಡಿನ ದಾಸವಾಳವನ್ನು ದಿಟ್ಟಿಸುತ್ತಿದ್ದೆ. ಈ ವಯಸ್ಸಿನಲ್ಲಿ ಓಡುವವಳು ಎನಿಸಿಕೊಳ್ಳುವುದಕ್ಕಿಂತ ಹೂ ಕದಿಯುವವಳು ಎನಿಸಿಕೊಳ್ಳುವುದು ಮರ್ಯಾದೆ ಎಂದು ನನ್ನ ಲೆಕ್ಕ.

ಆಮೇಲೆ ಅವಳು ಊರಲ್ಲಿ ನಡೆಯುವ ಒಂದು ಓಟಕ್ಕೆ ನಮ್ಮಿಬ್ಬರ ಹೆಸರೂ ಕೊಟ್ಟುಬಂದಳು. “ಕೈ ಹಿಡ್ಕೊಂಡೇ ಮುಗಿಸೋಣ ಅಜ್ಜಿ.” ನಾನು ಬೇಡವೆಂದೆ. ಮನಸ್ಸು ಮಾತ್ರ ಹೋಗೇ ಹೋಗುತ್ತೇನೆಂದು ಹಟ ಹಿಡಿದಿತ್ತು. ನಮ್ಮ ಹಳ್ಳಿಯ ಶಾಲೆಯಲ್ಲಿ ಓಟದ ದಿನ ಓಡುತ್ತಿದ್ದವರು ಹುಡುಗರು. ಹುಡುಗಿಯರು ಬಿಂದಿಗೆ ಹಿಡಿದು ಅವರಿಗೆ ನೀರು ಕೊಡಬೇಕಿತ್ತು. ಒಂದು ಸಲವಾದರೂ ಗೆರೆಯ ಆ ಕಡೆ ಓಡಿ ನೋಡಬೇಕೆಂಬ ಆಸೆ ನನಗೆ ಎಂದಿನಿಂದಲೂ ಇತ್ತು.

ಓಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ರೆಸ್ಟು. ವಾರದಲ್ಲಿ ಎರಡು ದಿನ ಸುಮ್ಮನಿರಬೇಕೆಂದು ಸಿಂಚನಾಳ ಆಜ್ಞೆ. ನಮ್ಮ ಊರಲ್ಲಿ ಹಗಲುಹೊತ್ತು ಕೂತ ಹೆಂಗಸು ಒಂದೋ ಬಾಣಂತಿ, ಇಲ್ಲವೋ ಕಾಯಿಲೆಯವಳು. ನಾನು ಕೂತದ್ದು ಕಂಡರೆ ನಮ್ಮತ್ತೆ ಒಂದು ಮೊರ ಅಕ್ಕಿ ತಂದು ಮಡಿಲಲ್ಲಿಡುತ್ತಿದ್ದರು. “ಎಂಗೂ ಕೂತಿದ್ದೀಯಲ್ಲ, ಕಲ್ಲಾದ್ರೂ ಆರ್ಸು.” ಅವರು ಹೋಗಿ ಎಷ್ಟೋ ಕಾಲವಾಯಿತು. ಮೊರ ಇನ್ನೂ ಮಡಿಲಲ್ಲೇ ಇದೆ.

ಹೀಗಾಗಿ ಬೇಸಿಗೆಯ ಒಂದು ರೆಸ್ಟಿನ ದಿನ ಅರಳು ಸಂಡಿಗೆ ಇಡೋಣ ಎನಿಸಿತು. ಓಡುವುದಿಲ್ಲವಲ್ಲ, ರೆಸ್ಟೇ ತಾನೆ! ತಾರಸಿಗೆ ಹೊತ್ತೆ, ಪಂಚೆ ಹಾಸಿ ಇಟ್ಟೆ. ಮೋಡ ಕವಿಯಿತು, ಪಂಚೆ ಸಮೇತ ಎತ್ತಿಕೊಂಡು ಇಳಿದೆ. ಬಿಸಿಲು ಬಂತು, ಹತ್ತಿದೆ. ಮತ್ತೆ ಮೋಡ. ಕೊನೆಯ ಸಲ ಮಳೆ ನನಗಿಂತ ಮೊದಲೇ ಮೆಟ್ಟಿಲಿಗೆ ಬಂದಿತ್ತು. ಕಾಲು ಉಳುಕಿತು. ಸಂಡಿಗೆಗೆ ಏನೂ ಆಗಲಿಲ್ಲ.

ಡಾಕ್ಟರಮ್ಮ ಊದಿದ ಪಾದ ಒತ್ತಿ ನೋಡಿ, “ನಿನ್ನೆ ಏನ್ ಮಾಡಿದ್ರಿ ಅಮ್ಮ?” ಎಂದರು.

“ಏನಿಲ್ಲ, ಸುಮ್ನೇ ಇದ್ದೆ.”

“ಹೌದೌದು,” ಎಂದಳು ಸಿಂಚನ. “ಸಂಡಿಗೆ ತಾನಾಗೇ ಮೆಟ್ಟಿಲು ಹತ್ತಿ ಹೋಯ್ತು.”

ಡಾಕ್ಟರಮ್ಮ ನಗಲಿಲ್ಲ. “ಕಾಲು ಚಾಚಿ ಕೂತ್ರೆ ಓಡ್ತೀರಿ. ಇಲ್ಲಾಂದ್ರೆ ಈ ಸಲ ಬಿಟ್ಬುಡಿ.”

ಕೂತೆ. ಅದೂ ಬೀದಿಗೆ ಕಾಣುವ ಜಗುಲಿಯಲ್ಲಿ, ಒಳಗೆ ಸೆಕೆ ಎಂದು. ಎದುರು ಮನೆಯ ರತ್ನಮ್ಮ ಗೇಟಿನಿಂದಲೇ ಕೂಗಿದರು: “ಯಾಕ್ರೀ ಕೂತ್ಬುಟ್ಟಿದ್ದೀರಿ? ಉಷಾರಿಲ್ವಾ?”

ಓಡಲು ಹೋಗುವವಳು ಎಂದು ಹೇಳಲು ನಾಚಿಕೆ. “ಸ್ವಲ್ಪ ಜ್ವರ ಕಣ್ರೀ” ಎಂದೆ.

ಸಂಜೆಯೊಳಗೆ ಬೀದಿಯೇ ಬಂತು. ಬ್ರೆಡ್ಡು, ಮೂಸಂಬಿ, ಮೆಣಸಿನ ಸಾರು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಲಾಗುತ್ತದೆಯೇ? ಎದ್ದು ಕುಂಟುತ್ತಾ ಎಲ್ಲರಿಗೂ ಕಾಫಿ ಮಾಡಿದೆ. ಮರುದಿನ ಇನ್ನಷ್ಟು ಜನ, ಇನ್ನಷ್ಟು ಕಾಫಿ. ಇಲ್ಲದ ಜ್ವರವನ್ನು ನೋಡಿಕೊಳ್ಳುವುದರಲ್ಲಿ ಇದ್ದ ಕಾಲು ಇನ್ನಷ್ಟು ಊದಿತು.

ಓಟದ ದಿನ ನಾನು ದಾರಿಬದಿಯ ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು, ಓಡುವವರಿಗೆ ನೀರಿನ ಲೋಟ ಕೊಡುತ್ತಿದ್ದೆ. ಶಾಲೆಯಲ್ಲಿ ಕಲಿತ ವಿದ್ಯೆ, ಮರೆತಿರಲಿಲ್ಲ. ಸಿಂಚನ ಬಂದು ಲೋಟ ತೆಗೆದುಕೊಂಡಳು. ಇನ್ನೊಂದು ಕೈಯನ್ನು ಸುಮ್ಮನೆ ಚಾಚಿ ಹಿಡಿದಿದ್ದಳು. ನಾನು ಅದನ್ನು ಒಂದು ಗಳಿಗೆ ಹಿಡಿದು ಬಿಟ್ಟೆ. ಅವಳು ಓಡಿದಳು. ಕಣ್ಣಿಗೆ ದೂಳು ಬಿತ್ತೆಂದು ಪಕ್ಕದವರಿಗೆ ಹೇಳಿದೆ.

ಅದು ಹೋದ ವರ್ಷ. ಈ ವರ್ಷದ ಓಟ ಹತ್ತಿರ ಬಂದಿದೆ. ಇವತ್ತು ರೆಸ್ಟು. ಕೋಣೆಯಲ್ಲಿ ಶುರುಮಾಡಿದ ಇದನ್ನು ಈಗ ಜಗುಲಿಯಲ್ಲಿ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ರತ್ನಮ್ಮ ಗೇಟಿನಲ್ಲಿ ಇಣುಕಿದರು.

“ಯಾಕ್ರೀ, ಉಷಾರಿಲ್ವಾ?”

“ಚೆನ್ನಾಗಿದ್ದೀನಿ ಕಣ್ರೀ. ಸುಮ್ನೆ ಕೂತಿದ್ದೀನಿ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಬಂದು, ಸೆರಗಿನಿಂದ ಜಗುಲಿ ಒರೆಸಿ ಪಕ್ಕದಲ್ಲಿ ಕೂತರು. ಕಾಫಿಗೆ ನಾನು ಏಳಲಿಲ್ಲ. ಅಷ್ಟರಲ್ಲಿ ದಪ್ಪ ಹನಿಗಳು ಬೀಳತೊಡಗಿದವು.

“ಅಯ್ಯೋ, ಮೇಲೆ ನಿಮ್ಮ ಬಟ್ಟೆ ಐತಲ್ರೀ!”

ಕಾಲುಗಳು ತಾವಾಗಿಯೇ ಮಡಚಿಕೊಂಡವು. ಮತ್ತೆ ಚಾಚಿದೆ.

“ನೆನೀಲಿ ಬುಡಿ ರತ್ನಮ್ಮ. ನಾಳೆ ನಾನು ಓಡ್ಬೇಕು.”