ಕಂಡಕ್ಟರಮ್ಮನ ಎಡಗಾಲು

ಬಸ್ಸು ಎಷ್ಟೇ ಕುಲುಕಲಿ, ಕಂಬಿ ಹಿಡಿಯದೆ ನಿಂತು ಟಿಕೆಟ್ ಹರಿಯುವವಳು ನಮ್ಮ ಕಂಡಕ್ಟರಮ್ಮ. “ಒಳಗೆ ಬೇಕಾದಷ್ಟು ಜಾಗ ಇದೆ, ಬಾಗಿಲನ್ನೇ ಯಾಕೆ ಕಟ್ಕೊಂಡಿದ್ದೀರಿ?” ಎಂದು ಗದರಿದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಆದರೆ ಅವಳು ಬಿದ್ದದ್ದು ಬಸ್ಸಿನಲ್ಲಲ್ಲ. ಡಿಪೋ ಕ್ಯಾಂಟೀನಿನ ಮುಂದೆ, ಆಗಷ್ಟೇ ತೊಳೆದಿದ್ದ ಮೆಟ್ಟಿಲ ಮೇಲೆ, ಕೈಯಲ್ಲಿದ್ದ ಚಹಾ ಚೆಲ್ಲದಿರಲೆಂದು ನೋಡಿಕೊಳ್ಳಲು ಹೋಗಿ. ಚಹಾ ಉಳಿಯಿತು. ಎಡಪಾದದ ಕೀಲು ಮುರಿಯಿತು.

ಊತ ಇಳಿಯಲಿ ಎಂದು ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ ಮಲಗಿಸಿದರು. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಮಂಚದ ಪಕ್ಕ ಕೂತವರು ಅತ್ತೆ.

ಡಾಕ್ಟರು ಬಂದೊಡನೆ ಅತ್ತೆಯೇ ಮೊದಲು ಬಾಯಿಬಿಟ್ಟರು. “ಈಗೆಲ್ಲ ಸಣ್ಣ ತೂತು ಮಾಡಿ ಸ್ಕ್ರೂ ಹಾಕ್ತಾರಂತಲ್ಲಮ್ಮ, ಹಾಗೇ ಮಾಡಿ. ನಮ್ಮ ಹುಡುಗಿ ಕಾಲನ್ನ ಉದ್ದಕ್ಕೆ ಕೊಯ್ಬೇಡಿ.”

ಡಾಕ್ಟರು ಸ್ಟೂಲು ಎಳೆದುಕೊಂಡು ಕೂತರು. “ಸಣ್ಣ ಗಾಯ ಆದ್ರೆ ನೋವು ಕಡಿಮೆ, ಕೀವಾಗೋ ಭಯಾನೂ ಕಡಿಮೆ. ಸಕ್ಕರೆ ಕಾಯಿಲೆ ಇರೋರಿಗೆ ಎಷ್ಟೋ ಸಲ ನಾನೇ ಅದನ್ನ ಹೇಳ್ತೀನಿ. ಆದ್ರೆ ಆಗ ಮೂಳೆ ನಮಗೆ ಎಕ್ಸ್‌ರೇಲಿ ಮಾತ್ರ ಕಾಣೋದು. ಇವರ ಕೀಲಿನೊಳಗೆ ಒಂದು ಚೂರು ತಿರುಗಿ ಕೂತಿದೆ. ತೆರೆದು, ಕಣ್ಣಾರೆ ನೋಡಿ ಕೂರಿಸೋದು ಒಳ್ಳೇದು ಅನ್ಸುತ್ತೆ. ಗಾಯ ಉದ್ದ ಆಗುತ್ತೆ, ಒಣಗೋದು ನಿಧಾನ.”

“ಮೂಳೆ ಬೇಗ ಕೂಡೋದು ಯಾವುದರಲ್ಲಿ?” ಕಂಡಕ್ಟರಮ್ಮ ಕೇಳಿದಳು.

“ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಯೋಚನೆ ಮಾಡಿ ಬೆಳಗ್ಗೆ ಹೇಳಿ.”

ಡಾಕ್ಟರು ಹೋದ ಮೇಲೆ ಅತ್ತೆ ಪರದೆ ಎಳೆದು, ತಮ್ಮ ಎಡಗಾಲಿನ ಕಾಲುಚೀಲ ಕಳಚಿದರು. ಮನೆಯೊಳಗೂ ಅದನ್ನು ತೆಗೆಯದವರು ಅವರು. ಚಳಿ ಜಾಸ್ತಿಯೆಂದೇ ಸೊಸೆ ತಿಳಿದಿದ್ದಳು. ಹಿಮ್ಮಡಿಯ ಪಕ್ಕದಿಂದ ಮೇಲಕ್ಕೆ ಕಪ್ಪಗೆ ಸುಕ್ಕುಗಟ್ಟಿದ ಗೀರು.

“ನಿನ್ನಷ್ಟೇ ವಯಸ್ಸು ಆಗ. ಮೂಳೆ ಮುರಿದು ನನ್ನ ಕಾಲನ್ನೂ ಹೀಗೇ ಉದ್ದಕ್ಕೆ ಕೊಯ್ದಿದ್ರು. ಎಷ್ಟು ದಿನ ಸೋರ್ತು ಅಂತೀಯ ಆ ಗಾಯ! ನಿನಗೂ ಹಾಗಾದ್ರೆ ಅಂತ ಭಯ ಕಣೆ.”

ಸೊಸೆ ಬಗ್ಗಿ ಗೀರಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. “ಇಷ್ಟು ವರ್ಷ ನನ್ನ ಹತ್ರಾನೂ ಮುಚ್ಚಿಟ್ರಲ್ಲ. ಆಮೇಲೆ ನಡೆಯೋಕೆ ಕಷ್ಟ ಆಯ್ತಾ?”

“ನಡಿಗೆಗೇನಾಗುತ್ತೆ? ನಿನ್ನ ಗಂಡನ್ನ ಕಂಕುಳಲ್ಲಿ ಹೊತ್ಕೊಂಡೇ ತಿರುಗಿದೆ. ಗುಂಡುಕಲ್ಲಿನ ಹಾಗಿದ್ದ.”

ಇಬ್ಬರೂ ನಕ್ಕರು. ಅತ್ತೆಯ ಕಣ್ಣು ಮಾತ್ರ ತುಂಬಿತ್ತು.

“ಹಾಗಾದ್ರೆ ತೆರೆದೇ ಮಾಡ್ಲಿ ಅತ್ತೆ. ಓಡೋ ಬಸ್ಸಲ್ಲಿ ನಿಲ್ಲೋ ಕಾಲು ಇದು.”

ಹಾಗೆಯೇ ಆಯಿತು. ಚೂರು ಸರಿಯಾಗಿ ಕೂತಿತು. ಗಾಯದ ಒಂದು ಮೂಲೆ ಮಾತ್ರ ಒಣಗಲು ಸತಾಯಿಸಿತು. ಪಟ್ಟಿ ಬದಲಿಸುವಾಗಲೆಲ್ಲ ಅತ್ತೆ ಸೊಸೆಯ ಕೈ ಹಿಡಿದು ಕೂರುತ್ತಿದ್ದರು. ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದರೋ! ಕಾಲೂರಲು ಡಾಕ್ಟರು ಒಪ್ಪಿದ ಮೇಲೆ, ಅತ್ತೆ ನಡೆಯಲು ಕಲಿಯುವ ಮಗುವನ್ನು ಕರೆಯುವಂತೆ ಎರಡೂ ಕೈ ಚಾಚಿ ಹಿಂದಹಿಂದಕ್ಕೆ ನಡೆದರು.

“ಮೆಲ್ಲಗೆ ಅತ್ತೆ! ನೀವೂ ಬಿದ್ರೆ ನನ್ನ ಮಂಚ ಬಿಟ್ಕೊಡಲ್ಲ.”

ಈಗ ಅವಳು ಮತ್ತೆ ಕೆಲಸಕ್ಕೆ ಹೋಗುತ್ತಾಳೆ. ಸಂಜೆಗೆ ಪಾದ ಸ್ವಲ್ಪ ಊದುತ್ತದೆ. ಅದನ್ನು ದಿಂಬಿನ ಮೇಲಿಟ್ಟು, ಅತ್ತೆ ಪೇಪರು ಓದಿ ಹೇಳುತ್ತಾರೆ. ಅರ್ಧಕ್ಕೇ ಸೊಸೆಯ ಗೊರಕೆ ಶುರುವಾದರೂ ನಿಲ್ಲಿಸುವುದಿಲ್ಲ.