ಎಂಟು ಭಾನುವಾರದ ಪತ್ರಗಳು

ಅವಳ ಬಲಗೈಯ ಮೂರು ಬೆರಳು ಸದಾ ಹಳದಿಯಾಗಿರುತ್ತಿದ್ದವು. ಉಗುರಿನ ಬುಡದಿಂದ ಮೊದಲ ಗೆಣ್ಣಿನ ತನಕ, ಈಗ ತಾನೇ ಅರಿಶಿನದ ಕೊಂಬು ತೇದು ಬಂದವಳ ಹಾಗೆ. ಅಮೆರಿಕದ ಕೆಂಡಲ್ ಪಾರ್ಕಿನ ನಮ್ಮ ಮನೆ ಬಾಗಿಲಲ್ಲಿ ಎರಡು ಸೂಟ್‌ಕೇಸ್ ಇಟ್ಟುಕೊಂಡು ನಿಂತ ದಿನ ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಆ ಬೆರಳುಗಳನ್ನು. ಈ ದೇಶಕ್ಕೆ ಬಂದರೂ ಹುಡುಗಿ ಅಡಿಗೆ ಬಿಟ್ಟಿಲ್ಲವಲ್ಲ ಎಂದು ಖುಷಿಯಾಗಿ, "ಏನಮ್ಮ, ಹುಳಿ ಕುದಿಸಿ ಬಂದ್ಯಾ?" ಎಂದೆ.

"ಅರಿಷಿಣ ಅಲ್ರೀ ವೈನಿ, ಆ್ಯಸಿಡ್ಡು. ಲ್ಯಾಬಿನಾಗ ಚೆಲ್ಲಿಕೊಂಡೆ. ತೊಳದ್ರ ಹೋಗೂದಿಲ್ಲ, ಚರ್ಮ ಸುಲದು ಹೊಸಾದು ಬರಬೇಕು," ಎಂದು ನಕ್ಕಳು.

ವೈನಿ ಎಂದರೆ ಅವರ ಧಾರವಾಡದ ಕಡೆ ಅತ್ತಿಗೆ. ನಮ್ಮ ನಂಜನಗೂಡಿನಲ್ಲಿ ಆ ಮಾತಿಲ್ಲ. ಹೆಸರು ಕೇಳುವುದಕ್ಕೂ ಮುಂಚೆ, ಹೊಸ್ತಿಲ ಮೇಲೇ ನನ್ನನ್ನು ಅತ್ತಿಗೆ ಮಾಡಿಕೊಂಡಳು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಓದಲು ಬಂದಿದ್ದಳು. ಮೊದಲ ವರ್ಷ ಹಾಸ್ಟೆಲಿನಲ್ಲಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಿಂದು ಸೊರಗಿ ಹೋಗಿದ್ದಳೆಂದು ಯಾರೋ ಹೇಳಿ, ನಮ್ಮ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ ಇರಲು ಬಂದಳು. ಎಪ್ಪತ್ತರ ದಶಕದ ಮಾತು. ಆಗ ಒಂಟಿಯಾಗಿ ಓದಲು ಬಂದ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ನಾನು ಬೇರೆ ಕಂಡಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ಪೂರ್ತಿಯಾಗಲಿಲ್ಲ, ತಂಗಿಯನ್ನು ನೋಡಿಕೊಳ್ಳಲು ಬಿಡಿಸಿದರು. ಇಂಜಿನಿಯರ್ ಗಂಡ, ಅಮೆರಿಕದ ಮನೆ, ಐದು ವರ್ಷದ ಮಗ ಎಲ್ಲ ಇದ್ದರೂ ಪೋಸ್ಟಿನಲ್ಲಿ ಏನಾದರೂ ಬಂದರೆ ಸಂಜೆ ಯಜಮಾನರು ರೂಟ್ ಒನ್ ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಬರುವ ತನಕ ಅದನ್ನು ಫ್ರಿಜ್ಜಿನ ಮೇಲಿಟ್ಟು ಕಾಯುತ್ತಿದ್ದೆ. ಅವಳು ಇದನ್ನು ಒಂದೇ ವಾರದಲ್ಲಿ ಕಂಡುಹಿಡಿದಳು. ನಗಲಿಲ್ಲ. ಮರುದಿನ ಒಂದು ಗೆರೆ ಹಾಕಿದ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟು, "ವೈನಿ, ನೀವು ನನಗ ಅನ್ನಾ ಸಾರು ಹಾಕ್ರಿ, ನಾ ನಿಮಗ ಒತ್ತಕ್ಷರ ಹಾಕ್ತೀನಿ," ಎಂದಳು. ಈಗ ನಾನು ಬರೆಯುತ್ತಿರುವ ಈ ಸಾಲು ಇದೆಯಲ್ಲ, ಇದರ ಒಂದೊಂದು ಒತ್ತೂ ಅವಳು ಹಾಕಿಸಿದ್ದು.

ಎಂಥ ಹುಡುಗಿ ಎಂದು ಹೇಗೆ ಹೇಳಲಿ! ಹಿಮ ಬಿದ್ದರೆ ಎರಡು ಜೊತೆ ಕಾಲುಚೀಲ ಹಾಕಿ, ಅದರ ಮೇಲೆ ಊರಿನಿಂದ ತಂದ ಚಪ್ಪಲಿ ತುರುಕಿಕೊಂಡು ಬಸ್ ಸ್ಟಾಪಿಗೆ ಹೊರಡುತ್ತಿದ್ದಳು. ಬೂಟು ಕೊಳ್ಳೇ ಎಂದರೆ, "ಕಾಲಿಗೆ ಉಸಿರಾಡಲಿಕ್ಕೆ ಬ್ಯಾಡೇನ್ರೀ?" ಜೋಳದ ರೊಟ್ಟಿ ಇಲ್ಲದೆ ಪ್ರಾಣ ಹೋಗುತ್ತದೆಂದು ಇಲ್ಲಿಯ ಮೆಕ್ಕೆಜೋಳದ ಹಿಟ್ಟಿನಲ್ಲಿ ತಟ್ಟಲು ಹೋಗಿ, ರೊಟ್ಟಿ ಹೆಂಚಿನ ಮೇಲೆ ಎಂಟು ಚೂರಾದರೆ, ಚೂರನ್ನೇ ಹಸಿಮೆಣಸಿನಕಾಯಿ ಜೊತೆ ಅಗಿದು, "ಆತು, ಇದೂ ಒಂದು ಪ್ರಯೋಗ," ಎನ್ನುತ್ತಿದ್ದಳು. ಏನು ಕೆಟ್ಟರೂ ಅವಳ ಮಾತು ಅದೇ. ಪ್ರೊಫೆಸರು ಬೈದರೂ ಅದೇ, ಬಸ್ಸು ತಪ್ಪಿದರೂ ಅದೇ.

ಭಾನುವಾರ ಮಾತ್ರ ಮಾತು ಕಡಿಮೆ. ಊಟವಾದ ಮೇಲೆ ಅಡಿಗೆಮನೆಯ ಮೇಜಿನ ಮುಂದೆ ಕೂತು ಮಡಚಿ ಅಂಟಿಸುವ ನೀಲಿ ಏರೋಗ್ರಾಮಿನಲ್ಲಿ ಅವ್ವನಿಗೆ ಪತ್ರ. ಅವಳ ಅವ್ವನಿಗೆ ಓದು ಬಾರದು. ಅಪ್ಪ ಇಲ್ಲದ್ದರಿಂದ ಅಣ್ಣ ಓದಿ ಹೇಳಬೇಕು, ಅವ್ವ ಹೇಳಿದ್ದನ್ನು ಅಣ್ಣನೇ ಬರೆದು ಕಳಿಸಬೇಕು. ಆದ್ದರಿಂದ ಅವಳು ಬರೆಯುತ್ತಿದ್ದದ್ದೇ ಕಿವಿಗೆ. ಅಂಟಿಸುವುದಕ್ಕೆ ಮುಂಚೆ ನನ್ನನ್ನು ಎದುರಿಗೆ ಕೂರಿಸಿ ಪೂರ್ತಿ ಓದುತ್ತಿದ್ದಳು. ನನಗೆ ತಿಳಿದರೆ ಅವ್ವನಿಗೂ ತಿಳಿಯುತ್ತದೆ ಎಂದು. ಕ್ಯಾಂಟೀನಿನಲ್ಲಿ ಮೂರು ಹೊತ್ತೂ ತಣ್ಣನೆ ಹಾಲು ಕುಡಿಯುವ ಆರಡಿ ಹುಡುಗರು, ಸ್ಕಾಲರ್‌ಶಿಪ್ಪಿಗಾಗಿ ಅವಳು ಕಿರಿಯರಿಗೆ ಪಾಠ ಮಾಡುವಾಗ ಅವಳ ಇಂಗ್ಲಿಷನ್ನು ಅಣಕಿಸಿದ ಹುಡುಗಿ, ಆಮೇಲೆ ಅದೇ ಹುಡುಗಿ ಅಳುತ್ತಾ ಬಂದು ಲೆಕ್ಕ ಹೇಳಿಸಿಕೊಂಡದ್ದು, ಎಲ್ಲ ಅದರಲ್ಲಿ.

ನನ್ನ ಬಂಗಾರ, ಅದೇ ಮಗನ ಮಗಳು, ಈಗ ಹಾಲೆಂಡಿನಲ್ಲಿ ಓದುತ್ತಿದ್ದಾಳೆ. ಹೇಳಿಕೊಳ್ಳದಿದ್ದರೆ ನನ್ನ ಹೊಟ್ಟೆ ಒಡೆದು ಹೋಗುತ್ತದೆ, ಹೇಳಿಬಿಡುತ್ತೇನೆ! ನಾಲ್ಕನೇ ಕ್ಲಾಸಿನ ಅಜ್ಜಿಯ ಮೊಮ್ಮಗಳು ಯುರೋಪಿನಲ್ಲಿ! ಮಳೆಯಲ್ಲಿ ಸೈಕಲ್ ತುಳಿದುಕೊಂಡು ಕಾಲೇಜಿಗೆ ಹೋಗುತ್ತಾಳೆ, ಒಂದೇ ಪಾತ್ರೆಯಲ್ಲಿ ಅನ್ನ ಬೇಳೆ ತರಕಾರಿ ಎಲ್ಲ ಬೇಯಿಸಿ "ಅಜ್ಜೀ, ಬಿಸಿಬೇಳೆ ಭಾತ್, ಸಾರ್ಟ್ ಆಫ್" ಎಂದು ಫೋನಿನಲ್ಲಿ ತೋರಿಸುತ್ತಾಳೆ. ನೋಡಿ ನೋಡಿ ನನ್ನ ಕಣ್ಣು ತುಂಬುತ್ತದೆ. ತುಂಬಿದ ಕಣ್ಣಿಗೆ ಇನ್ನೊಬ್ಬಳು ಕಾಣುತ್ತಾಳೆ, ನೀಲಿ ಕಾಗದ ಹಿಡಿದುಕೊಂಡು. ಆಗ ಬಾಯೆಲ್ಲ ಕಹಿ.

ಎರಡನೇ ವರ್ಷದ ಚಳಿಗಾಲ. ಅವಳಿಗೆ ಮೇ ತಿಂಗಳಲ್ಲಿ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾದರೆ ಮುಂದೆ ಪಿಎಚ್‌ಡಿ. ಇಲ್ಲವಾದರೆ ಸ್ಕಾಲರ್‌ಶಿಪ್ಪೂ ಇಲ್ಲ, ವೀಸಾನೂ ಇಲ್ಲ, ಊರಿಗೆ ವಾಪಸು. ಜನವರಿ ಕೊನೆಯಲ್ಲಿ ಅವಳ ಅಣ್ಣನಿಂದ ಪತ್ರ ಬಂತು, ನಮ್ಮ ಯಜಮಾನರ ಹೆಸರಿಗೆ. ಫ್ರಿಜ್ಜಿನ ಮೇಲಿಡಲಿಲ್ಲ ನಾನು. ಓದಲು ಬರುತ್ತಿತ್ತಲ್ಲ ಈಗ! ಒಡೆದು, ಕೂಡಿಸಿ ಕೂಡಿಸಿ ಓದಿದೆ. ಅವಳು ಕಲಿಸಿದ ಮೇಲೆ ನಾನು ಮೊದಲಿನಿಂದ ಕೊನೆತನಕ ಒಬ್ಬಳೇ ಓದಿದ ಮೊದಲ ಪತ್ರ ಅದು. ಅವ್ವ ಸಂಕ್ರಾಂತಿಯ ಮರುದಿನ ತೀರಿಹೋದಳು, ಕರ್ಮವೆಲ್ಲ ಮುಗಿಯುತ್ತಾ ಬಂತು, ಪರೀಕ್ಷೆ ಆಗುವ ತನಕ ತಂಗಿಗೆ ದಯವಿಟ್ಟು ತಿಳಿಸಬೇಡಿ ಎಂದು ಬರೆದಿತ್ತು.

ಸಂಜೆ ಯಜಮಾನರು ಕೋಟು ಬಿಚ್ಚದೆ ನಿಂತೇ ಓದಿದರು. "ಪರೀಕ್ಷೆ ಮುಗೀಲಿ ಕಣೇ, ಆಮೇಲೆ ಹೇಳೋಣ."

"ತಾಯಿ ಕಣ್ರೀ. ಹೇಗೆ ಮುಚ್ಚಿಡೋದು?"

"ಹೇಳಿದರೆ ಟಿಕೆಟ್ ತಗೊಂಡು ಹೊರಡ್ತಾಳೆ. ಹೋಗಿ ಏನು ನೋಡ್ತಾಳೆ? ಎರಡು ವರ್ಷದ ಓದು ಮಣ್ಣುಪಾಲು. ನಮ್ಮ ಚಿಕ್ಕಪ್ಪ ಹೋದಾಗ ನನಗೂ ಹೀಗೇ ಮಾಡಿದ್ದರು. ನಾನೇನು ಸತ್ತೆನಾ?"

ಹೌದು, ನಮ್ಮ ಜನ ಹೀಗೆಯೇ. ದೂರದಲ್ಲಿ ಓದುವವರಿಗೆ ಸಾವನ್ನು ಹೇಳುವುದಿಲ್ಲ. ಪ್ರೀತಿ ಎಂದುಕೊಂಡೇ ಮಾಡುತ್ತೇವೆ. ಇನ್ನೂ ಒಂದು ಮಾತಿದೆ ನಮ್ಮಲ್ಲಿ. ದೂರವಿದ್ದವರಿಗೆ ಸುದ್ದಿ ಕಿವಿಗೆ ಬಿದ್ದ ದಿನದಿಂದ ಸೂತಕ. ಬೀಳುವ ತನಕ ಮೈಲಿಗೆಯಿಲ್ಲ, ದೋಷವಿಲ್ಲ. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ದೇವರ ಮುಂದೆ ದೀಪ ಹಚ್ಚಿದರೆ ಸುಮ್ಮನಿದ್ದೆ. ಗೊತ್ತಿಲ್ಲದ ಮೇಲೆ ಶುದ್ಧಳೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಆದರೆ ಭಾನುವಾರ ಬಂತು. ಅವಳು ನೀಲಿ ಕಾಗದ ಬಿಡಿಸಿ, "ಕೇಳ್ರಿ ವೈನಿ," ಎಂದಳು. ಕೇಳಿದೆ. ಸತ್ತವಳಿಗೆ ಬರೆದ ಪತ್ರವನ್ನು ಬೇಳೆ ಆರಿಸುತ್ತಾ ಕೂತು ಕೇಳಿದೆ. ಸೋಮವಾರ ಅವಳು ಬೇಗ ಹೊರಟುಬಿಡುತ್ತಿದ್ದಳು, ಪೋಸ್ಟ್ ಮಾಡುವುದು ಯಾವಾಗಲೂ ನನ್ನ ಕೆಲಸ. ಮನೆ ಮುಂದಿನ ಟಪಾಲು ಪೆಟ್ಟಿಗೆಯಲ್ಲಿಟ್ಟು, ಒಯ್ಯಲು ಕಾಗದವಿದೆ ಎಂದು ಪೋಸ್ಟ್‌ಮ್ಯಾನಿಗೆ ತಿಳಿಯಲು ಅದರ ಕೆಂಪು ಬಾವುಟ ಎತ್ತಿ ಒಳಗೆ ಬಂದೆ. ಹಾಗೆ ಎಂಟು ಭಾನುವಾರ, ಎಂಟು ಸೋಮವಾರ. ಒಂದು ಪತ್ರದಲ್ಲಿ ಕ್ಯಾಂಟೀನಿನ ದೊಡ್ಡ ಟ್ರೇ ಮೇಲೆ ಕೂತು ಹಿಮದ ದಿಬ್ಬದಿಂದ ಜಾರಿ, ಸೀರೆ ಸಮೇತ ಪ್ರೊಫೆಸರ ಕಾಲ ಬುಡಕ್ಕೆ ಹೋಗಿ ಬಿದ್ದದ್ದನ್ನು ಬರೆದಿದ್ದಳು. ಓದಿ ತಾನೇ ನಕ್ಕು, "ಅವ್ವ ಏನಂದಾಳು?" ಎಂದು ಕೇಳಿದಳು.

"ನಗ್ತಾರೆ ಕಣೇ, ಹೊಟ್ಟೆ ಹಿಡಕೊಂಡು ನಗ್ತಾರೆ," ಎಂದೆ. ಆ ಮಾತು ಯಾರೂ ನನ್ನ ಬಾಯಿಗೆ ಹಾಕಿದ್ದಲ್ಲ. ನಾನೇ ಹೇಳಿದ್ದು.

ಊರಿನಿಂದ ಅಣ್ಣನ ಉತ್ತರವೂ ಬರುತ್ತಿತ್ತು, ಅವ್ವನ ಆಶೀರ್ವಾದದ ಸಮೇತ. "ಅವ್ವ ಈಗಿತ್ಲಾಗ ಭಾಳ ಕಡಿಮಿ ಮಾತಾಡ್ತಾಳ ನೋಡ್ರಿ. ಮೊದಲ ಎಷ್ಟು ಕೇಳ್ತಿದ್ಲು," ಎಂದು ಒಮ್ಮೆ ಹೇಳಿ ಕಾಗದವನ್ನು ತಿರುಗಿಸಿ ನೋಡಿದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಯುಗಾದಿ ಬಂತು. ಆಗೆಲ್ಲ ಒಂದು ಸ್ಕೂಲಿನ ಕೆಫೆಟೇರಿಯಾ ಬಾಡಿಗೆಗೆ ಹಿಡಿದು ಹಬ್ಬ ಮಾಡುತ್ತಿದ್ದೆವು. ದೂರದ ಜೆರಿಕೋದಿಂದ, ಮಾರಿಸ್‌ಟೌನಿನಿಂದ ನಮ್ಮ ಕನ್ನಡದವರೆಲ್ಲ ಕಾರಿನಲ್ಲಿ ಬರುತ್ತಿದ್ದರು. ಅವಳಿಗೆ ನನ್ನದೇ ಹೊಸ ಸೀರೆ ಉಡಿಸಿ, ತಲೆಗೆ ಪ್ಲಾಸ್ಟಿಕ್ ಮಲ್ಲಿಗೆ ಮುಡಿಸಿ ಕರೆದುಕೊಂಡು ಹೋದೆ. ಹೋಳಿಗೆಯ ತಟ್ಟೆ ಹಿಡಿದು ಬಡಿಸುತ್ತಿದ್ದಳು. ಮಗನ ಮನೆಗೆಂದು ಆ ವಾರವಷ್ಟೇ ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು ಅವಳ ಮುಖವನ್ನೇ ನೋಡಿ, "ನೀ ಮಾಳಮಡ್ಡಿ ಮಾಸ್ತರ ಮಗಳಲ್ಲೇನವಾ?" ಎಂದರು.

"ಹೌದ್ರೀ ಕಾಕಾ!" ಅವಳ ಮುಖ ಊರಗಲವಾಯಿತು. "ಒಂದು ಹೋಳಿಗಿ ಹಾಕ್ಲೇನ್ರೀ?"

ಅವರು ಎಲೆಗೆ ಕೈ ಅಡ್ಡ ಹಿಡಿದರು. "ಹೆತ್ತಾಕಿ ಹೋಗಿ ಇನ್ನ ಮೂರು ತಿಂಗಳಾಗಿಲ್ಲ. ಹೊಸ ಸೀರಿ, ಹೂವು, ಹೋಳಿಗಿ. ಅಮೆರಿಕಾದಾಗ ಹಿಂಗ ಮಾಡ್ತಾರೇನವಾ?"

"ಯಾರ ಹೋದ್ರು ಕಾಕಾ?"

ಅವರ ಮಗ ಎದ್ದು ಬಂದು ತೋಳು ಹಿಡಿದುಕೊಂಡ. "ಅಪ್ಪಾ, ಪ್ಲೀಸ್, ಅವರಿಗಿನ್ನೂ ಹೇಳಿಲ್ಲ."

ಅವನಿಗೂ ಗೊತ್ತಿತ್ತು. ನಮ್ಮ ಯಜಮಾನರು ನಾಲ್ಕು ಮನೆಗೆ ಹೇಳಿದ್ದರು, ಯಾರೂ ಬಾಯಿತಪ್ಪಿ ಆಡಬಾರದೆಂದು. ನಾಲ್ಕು ಮನೆಯವರು ಇನ್ನು ನಾಲ್ಕು ಮನೆಗೆ. ಅವಳು ಪಂಕ್ತಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಒಬ್ಬೊಬ್ಬರೇ ಎಲೆ ನೋಡಿಕೊಂಡರು. ಕೊನೆಗೆ ನನ್ನ ಕಡೆ ತಿರುಗಿದಳು. ತಟ್ಟೆಯನ್ನು ಕೆಳಗಿಡಲಿಲ್ಲ, ಹಿಡಿದುಕೊಂಡೇ ಇದ್ದಳು.

"ವೈನಿ, ನಿಮಗ ಗೊತ್ತಿತ್ತೇನು?"

ನಮ್ಮ ಯಜಮಾನರು ಮಧ್ಯೆ ಬಂದರು. "ನಿನ್ನ ಒಳ್ಳೇದಕ್ಕೇ ಕಣಮ್ಮ. ಎಕ್ಸಾಮ್ ಅಪ್ಸೆಟ್ ಆಗಬಾರದು ಅಂತ..."

"ನಿಮ್ಮನ್ನ ಕೇಳಲಿಲ್ರೀ ನಾ." ಕಣ್ಣು ನನ್ನ ಮೇಲೇ ಇತ್ತು. "ಎಂಟು ಪತ್ರ ಓದಿದೆ. ಎಂಟೂ ಕೂತು ಕೇಳಿದ್ರಿ. ಅವ್ವ ನಗ್ತಾಳ ಅಂದ್ರಿ."

ಅಳಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಅತ್ತಾಳು? ಮರುದಿನ ಸೂಟ್‌ಕೇಸ್ ತುಂಬುವಾಗ ನಾನು ಬಾಗಿಲಲ್ಲಿ ನಿಂತು, ನನ್ನ ದಡ್ಡತನಕ್ಕೆ ಏನು ಹೇಳಲಿ, ದೀಪ ಹಚ್ಚಿದ್ದಕ್ಕೆ ಹಬ್ಬ ಮಾಡಿದ್ದಕ್ಕೆ ಕೊರಗಬೇಡ, ಕಿವಿಗೆ ಬಿದ್ದ ದಿನದಿಂದ ತಾನೇ ಸೂತಕ, ನಿನಗೆ ದೋಷವಿಲ್ಲ ಎಂದು ಸಮಾಧಾನ ಹೇಳಲು ಹೋದೆ.

ಅವಳು ತಲೆ ಎತ್ತಿದಳು. "ನನಗ ದೋಷ ಇಲ್ಲ, ಖರೆ. ಬ್ಯಾರೆಯವರ ಕಿವಿ ಮುಚ್ಚಿ ಹಿಡದವರಿಗೆ ಏನಂತದರೀ ನಿಮ್ಮ ಶಾಸ್ತ್ರ?"

ಹಾಸ್ಟೆಲಿಗೆ ಹೋದಳು. ಮೇ ತಿಂಗಳಲ್ಲಿ ಪರೀಕ್ಷೆ ಬರೆದು ಪಾಸಾದಳು. ಸುದ್ದಿ ಬಂದ ದಿನ ನಮ್ಮ ಯಜಮಾನರು ಊಟಕ್ಕೆ ಕೂತು, "ನೋಡಿದ್ಯಾ? ಜನವರಿಯಲ್ಲೇ ಹೇಳಿದ್ದರೆ ಪಾಸಾಗ್ತಿದ್ಲಾ?" ಎಂದರು. ಅವಳು ಪಾಸಾದದ್ದು ಸಾವಿನ ಸುದ್ದಿ ತಿಳಿದ ಮೇಲೆ. ತಾಯಿ ಸತ್ತದ್ದನ್ನು ಎದೆಯಲ್ಲಿಟ್ಟುಕೊಂಡೇ ಓದಿ, ಬರೆದು, ಗೆದ್ದವಳು. ನಾವು ಏನನ್ನು ಉಳಿಸುತ್ತೇವೆ ಎಂದು ಮುಚ್ಚಿಟ್ಟೆವೋ ಅದಕ್ಕೆ ನಮ್ಮ ಮುಚ್ಚಿಡುವಿಕೆ ಬೇಕಾಗಿಯೇ ಇರಲಿಲ್ಲ. ಇಷ್ಟು ಸಣ್ಣ ಮಾತು ಆ ಇಂಜಿನಿಯರ್ ತಲೆಗೆ ಕೊನೆಯವರೆಗೂ ಹೋಗಲಿಲ್ಲ. ನಾನು ಹುಳಿ ಬಡಿಸಿ ಸುಮ್ಮನಾದೆ. ಸುಮ್ಮನಾಗುವುದು ಚೆನ್ನಾಗಿ ಅಭ್ಯಾಸವಾಗಿತ್ತು.

ಹೋದ ತಿಂಗಳು ಮಗ ಕಂಪ್ಯೂಟರಿನಲ್ಲಿ ಏನೋ ಓದುತ್ತಿದ್ದವನು ಕರೆದು ಹೇಳಿದ. ಆ ಧಾರವಾಡದ ಹುಡುಗಿ ಒಹಾಯೋದ ಕಾಲೇಜೊಂದರಲ್ಲಿ ಬಹಳ ವರ್ಷ ಪಾಠ ಮಾಡಿದಳಂತೆ. ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ತಲೆಗೆ ನೀರು ಹಾಕಿಕೊಂಡು ಬಂದೆ. ಸೊಸೆ ಕೇಳಿದಳು, "ಯಾರು ಅತ್ತೆ, ನಮ್ಮ ಕಡೆಯವರಾ?" ಏನೆಂದು ಹೇಳಲಿ? ಅವಳು ನನ್ನನ್ನು ವೈನಿ ಎನ್ನುತ್ತಿದ್ದಳು, ಎಂದೆ.

ಆ ಭಾನುವಾರ ಬಂಗಾರದ ಫೋನು ಬಂತು. ಸೈಕಲ್ ಚೈನು ಕಳಚಿ ಮಳೆಯಲ್ಲಿ ನೆನೆದದ್ದನ್ನು ಹೇಳುತ್ತಾ ಹೇಳುತ್ತಾ ನಿಲ್ಲಿಸಿ, "ಅಜ್ಜಿ, ವಾಟ್ ಹ್ಯಾಪನ್ಡ್? ನಿನ್ನ ವಾಯ್ಸ್ ಸರಿ ಇಲ್ಲ," ಎಂದಳು. ಮುಂದಿನ ವಾರ ಅವಳಿಗೆ ಪರೀಕ್ಷೆ. ಮಗ ಪಕ್ಕದಲ್ಲಿ ಕೂತು ಬೇಡ ಎಂದು ಕೈಯಾಡಿಸಿದ. ನಾನು ಎಲ್ಲ ಹೇಳಿದೆ. ಒಂದೂ ಬಿಡದೆ ಹೇಳಿದೆ.

"ನೀನು ಅವರಿಗೆ ಸಾರಿ ಹೇಳಿದ್ಯಾ ಅಜ್ಜಿ?"

ಹೇಳಿದ್ದೆ. ಅವಳು ಪಾಸಾದ ಮೇಲೆ, ಆ ಜೂನಿನಲ್ಲಿ, ಜೀವನದಲ್ಲಿ ಮೊದಲ ಸಲ ಒಬ್ಬಳೇ, ಅವಳೇ ಕಲಿಸಿದ ಇಂಗ್ಲಿಷ್ ಅಕ್ಷರ ಕೂಡಿಸಿ ಬಸ್ಸಿನ ಬೋರ್ಡು ಓದಿ ಹತ್ತಿ, ಕೇಳಿಕೊಂಡು ಕೇಳಿಕೊಂಡು ಅವಳ ಲ್ಯಾಬಿಗೆ ಹೋದೆ. ಚಪಾತಿ, ಬದನೆಕಾಯಿ ಎಣ್ಣೆಗಾಯಿ ಮಾಡಿಕೊಂಡು ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತು "ತಪ್ಪಾಯ್ತು ಕಣೇ" ಎಂದೆ. ಅವಳು ಡಬ್ಬಿ ತೆಗೆದು ಅಲ್ಲೇ ಪೂರ್ತಿ ಉಂಡಳು. ಒಂದು ಚೂರು ಬಿಡಲಿಲ್ಲ, ಒಂದು ಮಾತಾಡಲಿಲ್ಲ. ಒಳಗೆ ಹೋಗಿ ಡಬ್ಬಿ ತೊಳೆದು, ಕಾಗದದಲ್ಲಿ ಒರೆಸಿ ತಂದು ಕೈಗಿಟ್ಟಳು. "ಬಸ್ಸಿಗೆ ಹೊತ್ತಾಗ್ತದ, ಹೋಗಿ ಬರ್ರಿ." ಇದನ್ನೂ ಬಂಗಾರಕ್ಕೆ ಹೇಳಿದೆ.

"ಎಲ್ಲಾ ತಿಂದ್ರು ಅಂದ್ರೆ ಗುಡ್ ಅಲ್ವಾ ಅಜ್ಜಿ? ದೆನ್ ಶಿ ಫರ್ಗೇವ್ ಯೂ."

ಅಮೆರಿಕದಲ್ಲಿ ಹುಟ್ಟಿ ಬೆಳೆದ ಮಗು, ಅದಕ್ಕೆ ಹೇಗೆ ಗೊತ್ತಾಗಬೇಕು? ಸುಮ್ಮನೆ ಹೂಂ ಎಂದಿದ್ದರೆ ಆಗುತ್ತಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಅದಕ್ಕೂ ನೆಮ್ಮದಿ, ನನಗೂ ನೆಮ್ಮದಿ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನಮ್ಮವರಲ್ಲಿ ಯಾರೂ ಡಬ್ಬಿಯನ್ನು ಖಾಲಿ ವಾಪಸು ಕೊಡುವುದಿಲ್ಲ ಕಂದ, ಎಂದೆ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ನಾನು ಕೂತ ಬೆಂಚಿನಿಂದ ಕಾಣುವ ಹಾಗೆ ಅಲ್ಲಿ ಕಾಫಿ ಮಾಡಿಕೊಳ್ಳುವ ಮೇಜಿತ್ತು, ಅದರ ಮೇಲೆ ಸಕ್ಕರೆಯ ಡಬ್ಬವಿತ್ತು. ಅವಳು ಅದರ ಮುಂದೆಯೇ ಹಾದು ಬಂದಳು.

ಬಂಗಾರ ಫೋನನ್ನು ಮುಖದ ಹತ್ತಿರ ತಂದಳು.

"ಹಾಗಾದ್ರೆ ಅದು ನೋ ಅಂತ, ಅಲ್ವಾ ಅಜ್ಜಿ?"

"ಹೂಂ ಕಂದ," ಎಂದೆ. "ನೋ."