ಚಿಗರಿ ಕೂರದ ಹಲಗೆ

ಬೈಲಹೊಂಗಲದ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ವರ್ಷವೂ ಅದೇ ಮಣ್ಣಿನ ಜ್ವಾಲಾಮುಖಿ, ಅದೇ ಕೆಂಪು ನೀರು ಸುತ್ತುವ ಹೃದಯ. ನೋಡಲು ಬಂದ ದೊಡ್ಡವರು ಎರಡಕ್ಕೂ ಒಂದೇ ಅಳತೆಯಲ್ಲಿ ತಲೆಯಾಡಿಸಿ ಚಹಾಕ್ಕೆ ಹೋಗುತ್ತಿದ್ದರು. ಚರ್ಚಾಸ್ಪರ್ಧೆಯಲ್ಲಿ ಎದುರಿನವನ ಮಾತು ಮುಗಿಯುವ ಮೊದಲೇ ಅದರ ತೂತು ಹುಡುಕಿಟ್ಟುಕೊಳ್ಳುತ್ತಿದ್ದ ನನಗೆ ಇವರನ್ನು ಕಂಡರೆ ಅಸಹ್ಯ. ಎಪ್ಪತ್ತರ ದಶಕದ ನಡುವೆ, ಕಾಡುಪ್ರಾಣಿಗಳನ್ನು ಕೊಲ್ಲಬಾರದೆಂದು ಹೊಸ ಕಾನೂನು ಬಂದ ಮೇಲೆ, ನಾನೊಂದು ಆಟ ಮಾಡಲು ಹೊರಟೆ: ಅಳಿಯುತ್ತಿರುವ ಪ್ರಾಣಿಗಳ ಒಗಟಿನ ಹಲಗೆ. ಕಾಲೇಜಿನಿಂದ ಬೆಳಗಾವಿಯ ಜಿಲ್ಲಾ ಪ್ರದರ್ಶನಕ್ಕೆ ಹೋಗುವುದು ಒಂದೇ ವಸ್ತು. ಅದು ನನ್ನದೇ ಆಗಬೇಕು.

ಚಹಾಪುಡಿ ಪೆಟ್ಟಿಗೆಯ ತೆಳು ಹಲಗೆಯನ್ನು ಬಡಿಗೇರರಿಂದ ಕೊರೆಸಿದೆ. ಮೇಲೆ ಅಡವಿ, ಹೊಳೆ, ಹೊಲದ ಚಿತ್ರ. ಪ್ರತಿ ಪ್ರಾಣಿಗೂ ಅದರದೇ ಆಕಾರದ ಗುಂಡಿ. ಬೇರೆ ಕಡೆ ಕೂರದು. ಹುಲಿ, ಆನೆ, ಚಿಗರಿ ಅಡವಿಗೆ. ಮೊಸಳೆ ಹೊಳೆಗೆ. ಹೊಲದಲ್ಲಿ ಎತ್ತು, ಮಕ್ಕಳನ್ನು ಮೋಸಗೊಳಿಸಲು. ಚಿಗರಿಯ, ಅಂದರೆ ಕೃಷ್ಣಮೃಗದ, ಜಾಗವನ್ನು ಪಠ್ಯಪುಸ್ತಕ ನೋಡಿ ಗೊತ್ತುಮಾಡಿದೆ. ಆ ಪುಸ್ತಕ ಬರೆದವರನ್ನು ನಾನು ಒಂದು ದಿನವೂ ನಂಬಿದವನಲ್ಲ. ಇದೊಂದರಲ್ಲಿ ಯಾಕೆ ನಂಬಿದೆನೋ.

ಸೋದರತ್ತೆ ಮನೋಳಿಯ ಸಾಲೆಯಲ್ಲಿ ಶಿಕ್ಷಕಿ. ಅವಳ ನಾಲ್ಕನೇ ಇಯತ್ತೆಯ ಮಕ್ಕಳ ಮುಂದೆ ಹಲಗೆ ಹರವಿದೆ. ಒಬ್ಬ ಹುಡುಗಿ ಹುಲಿ, ಆನೆ, ಮೊಸಳೆಯನ್ನು ಚಕಚಕನೆ ಕೂರಿಸಿದಳು. ಚಿಗರಿಯನ್ನು ಮಾತ್ರ ಎತ್ತಿನ ಗುಂಡಿಗೆ ತುರುಕತೊಡಗಿದಳು.

“ಏ ತಂಗಿ, ಅಲ್ಲಲ್ಲ! ಅಡವ್ಯಾಗ ಇಡು.”

“ಚಿಗರಿ ಹೊಲದಾಗ ಇರತಾವ್ರಿ.”

“ಮೇಯಾಕ ಬಂದಿರತಾವ. ಅವುಗಳ ಮನಿ ಅಡವಿ.”

“ಇಲ್ಲೆ ಅಡವಿ ಎಲ್ಲೈತ್ರಿ? ಮರಿ ಹಾಕೂದೂ ನಮ್ಮ ಎರಿ ಹೊಲದಾಗ ರಿ. ದಟ್ಟ ಗಿಡ ಇದ್ದಲ್ಲೆ ಅವು ಹೋಗೂದಿಲ್ರಿ.”

“ಪುಸ್ತಕದಾಗ ಐತಿ.”

“ಪುಸ್ತಕದವ್ರು ನೋಡಿರಬೇಕ್ರಿ. ನೀವು ನೋಡೀರೇನ್ರಿ?”

ಇಡೀ ವರ್ಗ ನಕ್ಕಿತು. ಅತ್ತೆಯೂ ನಕ್ಕಳು. ಚರ್ಚೆಯಲ್ಲಿ ಕಪ್ ಗೆದ್ದು ತಂದ ನಾನು ಚಿಗರಿಯನ್ನು ಒಮ್ಮೆಯೂ ನೋಡಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಆ ಹುಡುಗಿಯ ಅಪ್ಪ ನನ್ನನ್ನು ಕಡಲೆ ಹೊಲದ ಬದುವಿಗೆ ಕರೆದೊಯ್ದ. ಹತ್ತು ಹದಿನೈದು ಚಿಗರಿ ಬಯಲಲ್ಲೇ ನಿಂತಿದ್ದವು. ನಮ್ಮನ್ನು ಕಂಡು ಜಿಗಿದದ್ದು ಇನ್ನೂ ಬಟಾಬಯಲಿನ ಕಡೆಗೆ. ಗಿಡಗಂಟಿಯತ್ತ ಒಂದೂ ಮುಖ ಮಾಡಲಿಲ್ಲ.

ಊರಿಗೆ ಬಂದು ಹೊಸ ಹಲಗೆ ಕೊರೆಸಿ, ಚಿಗರಿಯನ್ನು ಹೊಲಕ್ಕಿಳಿಸಿ, ಆಯ್ಕೆ ಮಾಡುವ ಪ್ರಾಧ್ಯಾಪಕರ ಮುಂದಿಟ್ಟೆ. ಹಳೆಯ ಹಲಗೆಯನ್ನು ಮೊದಲೇ ನೋಡಿ ಮೆಚ್ಚಿದ್ದವರು ಅವರು. ಇಪ್ಪತ್ತು ವರ್ಷ ಒಂದೇ ನೋಟ್ಸ್ ಓದಿ ಹೇಳಿ, ಪ್ರತಿ ವರ್ಷ ಅದೇ ಸಾಲಿಗೆ ಬಂದಾಗಲೇ ಕೆಮ್ಮುತ್ತಿದ್ದವರು.

“ಚಿಗರಿ ಹೊಲಕ್ಕ ಯಾಕ ಬಂತು?”

“ಅದು ಇರೂದ ಅಲ್ಲೆ ರಿ ಸರ. ಕಣ್ಣಾರೆ ನೋಡಿ ಬಂದೇನಿ.”

“ಪುಸ್ತಕದಾಗ ಏನೈತಿ?”

“ಅರಣ್ಯ ಅಂತ ಐತ್ರಿ. ತಪ್ಪೈತಿ.”

“ತಪ್ಪು ಅನ್ನಾಕ ನೀ ಯಾರಪಾ? ಪರೀಕ್ಷಾದಾಗ ಹುಡುಗ್ರು ಹೊಲ ಅಂತ ಬರದ್ರ ಮಾರ್ಕ್ಸ್ ನಿಮ್ಮಪ್ಪ ಕೊಡತಾನೇನು? ಹಳೇ ಹಲಗಿ ತಾ, ಬೆಳಗಾವಿಗೆ ಕಳಸತೇನಿ. ಇಲ್ಲಾಂದ್ರ ಆ ಕೆಂಪು ನೀರಿನ ಹೃದಯ ಹೋಗತೈತಿ.”

ಅರ್ಧ ತಾಸು ವಾದಿಸಿದೆ. ಅವರು ನಡುವೆಯೇ ಸಂತೆಚೀಲ ಮಡಚಿಟ್ಟುಕೊಂಡು ಎದ್ದರು. ಅಂಥ ಮನುಷ್ಯನನ್ನು ತುಚ್ಛವಾಗಿ ಕಾಣುವುದು ಬಹಳ ಸುಲಭ. ನಾನು ಈಗಲೂ ಕಾಣುತ್ತೇನೆ. ಆದರೆ ಮರುದಿನ ಹಳೆಯ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತವನು ನಾನೇ.

ಬೆಳಗಾವಿಯಲ್ಲಿ ತೀರ್ಪುಗಾರರೊಬ್ಬರು ಚಿಗರಿಯ ಮೇಲೆ ಬೆರಳಿಟ್ಟು, “ಇದು ಎಲ್ಲೆ ಇರತೈತಿ?” ಅಂದರು. ದಟ್ಟ ಅರಣ್ಯದ ನೆರಳು, ಅಲ್ಲಿ ಅಡಗಿ ಬದುಕುವ ಜೀವ, ಮರ ಕಡಿದರೆ ಅದರ ಗತಿ ಏನೆಂದು ಐದು ನಿಮಿಷ ತಡವರಿಸದೆ ಮಾತಾಡಿದೆ. ಒಂದು ಪದವೂ ನಿಜವಲ್ಲ. ಅವರು ಬೆನ್ನು ತಟ್ಟಿದರು. ಮೊದಲ ಬಹುಮಾನ ಬಂತು.

ಆ ಬೇಸಿಗೆಯಲ್ಲಿ ಅತ್ತೆ, “ಆ ಹುಡುಗಿ ನಿನ್ನ ಹಲಗಿ ಏನಾತಂತ ದಿನಾ ಕೇಳತಾಳ, ಬಂದು ಹೋಗು” ಎಂದು ಹೇಳಿಕಳಿಸಿದಳು. ಪರೀಕ್ಷೆ ಇದೆ, ಬರಲಾಗದು ಎಂದು ಪತ್ರ ಬರೆದೆ. ಪರೀಕ್ಷೆ ಮುಗಿದು ತಿಂಗಳಾಗಿತ್ತು.